ಕಲಿತದ್ದಾಯಿತು, ಸುಡುವುದು ಎಲ್ಲಿ?



ತರಬೇತಿ ಕೇಂದ್ರದಲ್ಲಿ ಇದ್ದಷ್ಟು ದಿನ ವಿದ್ಯುತ್ ಕುಲುಮೆ ಇತ್ತು. ಮಾಡಿದ್ದನ್ನು ಇಟ್ಟರೆ ಮಾರನೇ ದಿನ ಸುಟ್ಟು ಸಿಗುತ್ತಿತ್ತು. ಪ್ರಮಾಣಪತ್ರ ಹಿಡಿದು ಊರಿಗೆ ಬಂದ ಮೇಲೆ? ನಮ್ಮ ಒಂದು ಗುಂಪಿನ ಸದಸ್ಯೆ ಮಾಡಿದ ಹಣತೆ, ಹೂಕುಂಡಗಳೆಲ್ಲ ಹಸಿಯಾಗಿಯೇ ಅಟ್ಟ ಸೇರಿದವು. ಮಳೆಗಾಲದಲ್ಲಿ ಸೋರಿದ ನೀರಿಗೆ ಕರಗಿ ಮತ್ತೆ ಮಣ್ಣಾದವು. ಮಾಡುವುದನ್ನು ಕಲಿಸಿದ ನಾವು, ಸುಡುವುದು ಎಲ್ಲಿ ಎಂದು ಯೋಚಿಸಿರಲಿಲ್ಲ. ಆ ತಪ್ಪು ನಮ್ಮದು.

ಈಗ ಆಕೆ ಕುಲುಮೆ ಕೊಳ್ಳಲು ಗುಂಪಿನಲ್ಲಿ ಸಾಲ ಕೇಳಿದ್ದಾಳೆ. ಕೊಡೋಣವೇ? ಮೊದಲು ಲೆಕ್ಕ ಹಾಕೋಣ.

6 ಕಿಲೋವ್ಯಾಟ್ ಕುಲುಮೆ 8 ಗಂಟೆ ಪೂರ್ತಿ ಉರಿದರೆ 48 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ 336 ರೂಪಾಯಿ. 40 ಹಣತೆ ಮಾತ್ರ ಇಟ್ಟರೆ ಸುಡುವ ಖರ್ಚೇ ಒಂದಕ್ಕೆ 8 ರೂಪಾಯಿ ದಾಟಿತು. ಸಾಲದ ಕಂತು ಬೇರೆ. ಕುಲುಮೆ ತುಂಬುವಷ್ಟು ಮಾಲು, ಮಾಲು ಕೊಳ್ಳುವ ಗಿರಾಕಿ ಎರಡೂ ಇಲ್ಲದೆ ಕುಲುಮೆ ತಂದರೆ ಅದು ಮನೆ ಮೂಲೆಯ ಸಾಲವೇ ಸರಿ.

ಹಾಗಾದರೆ ಏನು ಮಾಡೋದು? ಮಣ್ಣು ಮತ್ತೆ ನೀರಿಗೆ ಕರಗದಂತೆ ಆಗಲು ಸುಮಾರು 600 ಡಿಗ್ರಿ ಶಾಖ ಸಾಕು. ಅದಕ್ಕೆ ಕರೆಂಟೇ ಬೇಕೆಂದಿಲ್ಲ.

1. ಕುಂಬಾರರ ಆವಿಗೆ: ಹತ್ತಿರದ ಊರಿನಲ್ಲಿ ಈಗಲೂ ಆವಿಗೆ ಹಾಕುವ ಮನೆಯಿದ್ದರೆ ಅಲ್ಲಿಗೇ ಹೋಗಿ ಕೇಳಿ. ಅವರ ಮಡಕೆಗಳ ನಡುವೆ ನಮ್ಮ ಸಣ್ಣ ಸಾಮಾನಿಗೆ ಜಾಗ ಸಿಕ್ಕೀತು. ಬಾಡಿಗೆ ಕೊಡಿ, ಇಲ್ಲವೇ ಸೌದೆ ಕೊಡಿ. ಬಿಟ್ಟಿ ಕೇಳಬೇಡಿ. ಅವರ ಅನುಭವವೂ ನಮಗೆ ಪಾಠ.

2. ಮರದ ಹೊಟ್ಟಿನ ಗೂಡು: ಗಾರೆ ಹಾಕದೆ ಇಟ್ಟಿಗೆ ಜೋಡಿಸಿ ಎರಡು ಅಡಿ ಚೌಕದ ಪೆಟ್ಟಿಗೆ ಕಟ್ಟಿ. ತಳಕ್ಕೆ ನಾಲ್ಕು ಇಂಚು ಒಣ ಹೊಟ್ಟು ಹಾಕಿ. ಪಾತ್ರೆಯ ಒಳಗೂ ಹೊಟ್ಟು ತುಂಬಿ, ಒಂದಕ್ಕೊಂದು ತಾಗದಂತೆ ಇಟ್ಟು, ಮೇಲೆ ಮತ್ತೆ ನಾಲ್ಕು ಇಂಚು ಮುಚ್ಚಿ. ಪುರಳೆ ಇಟ್ಟು ಮೇಲಿನಿಂದ ಬೆಂಕಿ ಹಚ್ಚಿ. ಹೊಟ್ಟು ಕೆಂಡವಾದ ಮೇಲೆ ತಗಡು ಮುಚ್ಚಿ. ಉರಿಯದೆ, ಹೊಗೆಯಾಡುತ್ತಾ ಒಂದು ದಿನದಷ್ಟು ಹೊತ್ತು ಬೇಯುತ್ತದೆ. ಪೂರ್ತಿ ತಣ್ಣಗಾಗುವ ಮುಂಚೆ ತೆಗೆಯಬೇಡಿ, ಸೀಳುತ್ತದೆ. ಪಾತ್ರೆ ಕಪ್ಪಾಗಿ ಬರುತ್ತದೆ. ಅದೇ ಅದರ ಚೆಂದ.

3. ಸೇರಿ ಸುಡುವುದು: ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಕುಂಬಾರ ಕುಟುಂಬಗಳು ಆವಿಗೆಯನ್ನು ಹಂಚಿಕೊಂಡು ಬಳಸಿದ್ದುಂಟು. ನಾಲ್ಕು ಗುಂಪು ಸೇರಿದರೆ ನಮಗೂ ಸಾಧ್ಯ.

ಮರೆಯಬಾರದ ಮಾತುಗಳು:

- ಮಣ್ಣಿಗೆ ನಾಲ್ಕು ಪಾಲಿಗೆ ಒಂದು ಪಾಲು ಸಣ್ಣ ಮರಳು ಸೇರಿಸಿ. ಬೆಂಕಿಯ ಹೊಡೆತ ತಾಳುತ್ತದೆ.
- ಪಾತ್ರೆ ಪೂರ್ತಿ ಒಣಗಿರಲಿ. ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆನಿಸಿದರೆ ಒಳಗೆ ನೀರಿದೆ. ಆ ನೀರು ಆವಿಯಾಗಿ ಪಾತ್ರೆ ಒಡೆಯುತ್ತದೆ.
- ಹೊಟ್ಟಿನಲ್ಲಿ ಸುಟ್ಟದ್ದು ಹಣತೆ, ಗೊಂಬೆ, ಅಲಂಕಾರಕ್ಕೆ ಮಾತ್ರ. ನೀರು ಜಿನುಗುತ್ತದೆ, ಅಡುಗೆಗೆ ಬೇಡ.
- ಬಯಲಿನಲ್ಲೇ ಸುಡಿ. ಹುಲ್ಲಿನ ಬಣವೆ, ಮಕ್ಕಳು ದೂರವಿರಲಿ. ಸೆರಗು ಸಿಕ್ಕಿಸಿ, ನೀರಿನ ಕೊಡ ಪಕ್ಕದಲ್ಲಿಡಿ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಸಾಲಕ್ಕೂ ಈ ಮಾತು ಸಲ್ಲುತ್ತದೆ. ವರುಷದ ಉಳಿತಾಯ ಒಂದು ಅವಸರದ ಸಹಿಗೆ ಹೋಗಬಾರದು. ಹಾಗೆಂದು ಆ ಸಹೋದರಿಯನ್ನು ಬರಿಗೈಲಿ ಕಳಿಸುವುದೂ ಬೇಡ. ಕರಗಿದ ಮಣ್ಣು ಹಾಳಾಗಿಲ್ಲ. ಅದನ್ನೇ ನಾದಿ ಮತ್ತೆ ಮಾಡಬಹುದು. ಮೊದಲ ಗೂಡಿಗೆ ಇಟ್ಟಿಗೆ ನಾವೆಲ್ಲ ಸೇರಿ ಹೊರೋಣ.

ಮುಂದಿನ ಸಭೆಯಲ್ಲಿ ಚರ್ಚಿಸೋಣ:

1. ನಮ್ಮ ಸುತ್ತಮುತ್ತ ಆವಿಗೆ ಹಾಕುವವರು ಯಾರಿದ್ದಾರೆ?
2. ಮರದ ಮಿಲ್ಲಿನಲ್ಲಿ ಹೊಟ್ಟು ಯಾವ ಬೆಲೆಗೆ ಸಿಗುತ್ತದೆ?
3. ಎಷ್ಟು ಮಾರಾಟವಾದ ಮೇಲೆ ಕುಲುಮೆಗೆ ಸಾಲ ಕೊಡಬಹುದು?