ದಂಪತಿಗಳಿಬ್ಬರಿಗೂ ಒಂದೇ ಪಥ್ಯ

ಸಕ್ಕರೆ ಕಾಯಿಲೆ ಕಾಲಿಡದ ಮನೆತನವನ್ನು ಇಂದು ನಮ್ಮ ನಾಡಿನಲ್ಲಿ ಹುಡುಕುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ; ಇನ್ನೂ 13 ಕೋಟಿಗೂ ಮಿಕ್ಕ ಜನರು ಅದರ ಹೊಸ್ತಿಲಿನಲ್ಲಿದ್ದಾರೆ. ಔಷಧಿಗಳು ಎಷ್ಟೇ ಸುಧಾರಿಸಿದ್ದರೂ ಈ ಕಾಯಿಲೆಯ ಚಿಕಿತ್ಸೆ ಆರಂಭವಾಗುವುದು ಊಟದ ತಟ್ಟೆಯಿಂದಲೇ.

ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆಯಿದೆ ಎಂದು ವೈದ್ಯರು ಹೇಳಿದೊಡನೆ ಅನೇಕ ಮನೆಗಳಲ್ಲಿ ಅವರಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಎಂಬ ಏರ್ಪಾಡಾಗುತ್ತದೆ. ಅವರ ತಟ್ಟೆಗೆ ಒಣ ಚಪಾತಿ, ಸಪ್ಪೆ ಪಲ್ಯ. ಪಕ್ಕದ ತಟ್ಟೆಗಳಲ್ಲಿ ಎಂದಿನಂತೆ ಅನ್ನ, ಸಾರು, ಹಪ್ಪಳ. ಇಂತಹ ಪಥ್ಯ ಹೆಚ್ಚು ದಿನ ಬಾಳುವುದಿಲ್ಲ. ಉಣ್ಣುವವರಿಗೆ ಅದು ಶಿಕ್ಷೆಯಂತೆ ತೋರುತ್ತದೆ. ಎರಡು ಬಗೆಯ ಅಡುಗೆ ಮಾಡುವ ಗೃಹಿಣಿಗೆ ಭಾರವಾಗುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಒಂದೇ ಒಲೆಯ ಅಡುಗೆಯನ್ನು ಇಪ್ಪತ್ತು ಮೂವತ್ತು ವರ್ಷ ಉಂಡ ದಂಪತಿಗಳಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ ಮತ್ತೊಬ್ಬರಿಗೂ ಅದು ಬರುವ ಸಂಭವ ಹೆಚ್ಚು. ಆದ್ದರಿಂದ ಪಥ್ಯವು ಇಬ್ಬರದೂ ಆಗಬೇಕು.

ಪಿಷ್ಟವು ದೇಹದಲ್ಲಿ ಮಾಡುವುದೇನು?

ಅಕ್ಕಿ, ಜೋಳ, ಗೋಧಿ, ರಾಗಿ, ಸಜ್ಜೆ, ಆಲೂಗಡ್ಡೆ, ಗೆಣಸು ಇವುಗಳ ಮುಖ್ಯ ಭಾಗ ಪಿಷ್ಟ. ಪಿಷ್ಟ ಮತ್ತು ಸಕ್ಕರೆಗಳನ್ನು ಒಟ್ಟಾಗಿ ಶರ್ಕರಪಿಷ್ಟವೆನ್ನುತ್ತಾರೆ. ಕರುಳಿನಲ್ಲಿ ಪಚನವಾದ ಪಿಷ್ಟವು ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸಿ, ಆ ಗ್ಲೂಕೋಸನ್ನು ಸ್ನಾಯು ಮತ್ತು ಯಕೃತ್ತಿಗೆ ತಲುಪಿಸುತ್ತದೆ. ದುಡಿಯುವ ದೇಹ ಅದನ್ನು ಶಕ್ತಿಯಾಗಿ ವ್ಯಯಿಸುತ್ತದೆ. ದುಡಿಮೆ ಕಡಿಮೆಯಾಗಿ ಊಟ ಮೊದಲಿನಷ್ಟೇ ಉಳಿದರೆ ಮಿಕ್ಕದ್ದು ಕೊಬ್ಬಾಗಿ ಹೊಟ್ಟೆಯಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗುತ್ತದೆ. ಕ್ರಮೇಣ ಇನ್ಸುಲಿನ್ನಿನ ಮಾತಿಗೆ ದೇಹ ಓಗೊಡದಂತಾಗಿ ರಕ್ತದಲ್ಲಿ ಸಕ್ಕರೆ ಏರತೊಡಗುತ್ತದೆ.

ನಮ್ಮ ಹಿರಿಯರು ಮೂರು ನಾಲ್ಕು ರೊಟ್ಟಿ ಉಂಡು ಆರೋಗ್ಯವಾಗಿದ್ದರೆಂಬ ಮಾತು ಸತ್ಯ. ಅವರು ದಿನವಿಡೀ ಎರಿ ಹೊಲದಲ್ಲಿ ಕುಂಟೆ ಹೊಡೆದು, ಕಳೆ ತೆಗೆದು, ಮೈಲಿಗಟ್ಟಲೆ ನಡೆದವರು. ಅಂಗಡಿಯ ಗಲ್ಲೆಯ ಮೇಲೋ ಕಚೇರಿಯ ಕುರ್ಚಿಯಲ್ಲೋ ದಿನ ಕಳೆಯುವ ನಾವು ಅವರ ಊಟವನ್ನು ಉಳಿಸಿಕೊಂಡು ಅವರ ದುಡಿಮೆಯನ್ನು ಬಿಟ್ಟಿದ್ದೇವೆ.

ನಮ್ಮ ತಟ್ಟೆಯ ಲೆಕ್ಕ

100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ಅಷ್ಟೇ ಜೋಳದಲ್ಲಿ ಸುಮಾರು 68 ಗ್ರಾಂ ಹಾಗೂ ರಾಗಿಯಲ್ಲಿ 67 ಗ್ರಾಂ ಇದೆ. ಜೋಳ, ರಾಗಿಗಳಲ್ಲಿ ನಾರಿನಂಶ ಹೆಚ್ಚಾದ್ದರಿಂದ ಪಾಲಿಶ್ ಮಾಡಿದ ಅಕ್ಕಿಗಿಂತ ಅವು ನಿಶ್ಚಯವಾಗಿ ಮೇಲು. ಆದರೆ ಅನ್ನ ಬಿಟ್ಟು ರೊಟ್ಟಿ ಅಥವಾ ಮುದ್ದೆ ಹಿಡಿದೊಡನೆ ಮಿತಿಯ ಚಿಂತೆ ಬೇಡವೆಂದು ಭಾವಿಸುವುದು ತಪ್ಪು. ಇಂದು ಅನೇಕರು ಎಡವುತ್ತಿರುವುದು ಇಲ್ಲಿಯೇ.

ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದು ಇಟ್ಟುಕೊಳ್ಳೋಣ. ಮೂರು ರೊಟ್ಟಿ ಉಂಡು, ಮೇಲೆ 75 ಗ್ರಾಂ ಅಕ್ಕಿಯ ಅನ್ನ ಉಂಡರೆ ಒಂದೇ ಹೊತ್ತಿಗೆ ಸುಮಾರು 160 ಗ್ರಾಂ ಶರ್ಕರಪಿಷ್ಟ ಹೊಟ್ಟೆ ಸೇರಿತು. ಅದೇ ಊಟದಲ್ಲಿ ರೊಟ್ಟಿ ಎರಡಕ್ಕೆ ಇಳಿದು, ಅನ್ನದ ಸ್ಥಾನಕ್ಕೆ 30 ಗ್ರಾಂ ಹೆಸರುಕಾಳಿನ ಪಲ್ಯವೂ ಒಂದು ದೊಡ್ಡ ಬಟ್ಟಲು ಸೊಪ್ಪಿನ ಪಲ್ಯವೂ ಬಂದರೆ ಶರ್ಕರಪಿಷ್ಟ 85 ಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ಹೊಟ್ಟೆ ಬರಿದಾಗಲಿಲ್ಲ, ರುಚಿ ಕೆಡಲಿಲ್ಲ. ಪಿಷ್ಟದ ಭಾರ ಮಾತ್ರ ಅರ್ಧಕ್ಕೆ ಇಳಿಯಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ದಿನದ ಒಟ್ಟು ಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ 45ನ್ನು ಮೀರಬಾರದು. ನಮ್ಮಲ್ಲಿ ಅದು 50ರಿಂದ 70ರವರೆಗೂ ಇದೆ. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣುಗಳಿಂದ ತುಂಬಬೇಕೆಂಬುದು ಆ ಸಂಸ್ಥೆಯ ಸಲಹೆ. ಈ ಲೆಕ್ಕದಲ್ಲಿ ಆಲೂಗಡ್ಡೆಯನ್ನು ತರಕಾರಿಯೆಂದು ಎಣಿಸಬಾರದು. ಅದು ಅನ್ನದ ಗುಂಪಿಗೇ ಸೇರಿದ್ದು.

ಅಡುಗೆಮನೆಯಲ್ಲಿ ಆಗಬೇಕಾದ ಬದಲಾವಣೆ

1. ಅಕ್ಕಿಯನ್ನೂ ಹಿಟ್ಟನ್ನೂ ಅಳೆದು ತೆಗೆಯಿರಿ. ಒಂದು ವಾರ ಎಂದಿನ ಪ್ರಮಾಣವನ್ನು ತೂಗಿ ಬರೆದಿಡಿ. ಬಳಿಕ ಅದರಲ್ಲಿ ಕಾಲು ಭಾಗ ತಗ್ಗಿಸಿ. ಅಭ್ಯಾಸವಾದ ಮೇಲೆ ಮತ್ತಷ್ಟು ತಗ್ಗಿಸಬಹುದು.

2. ಪ್ರತಿ ಊಟದಲ್ಲಿ ಒಂದು ಕಾಳು, ಒಂದು ಸೊಪ್ಪು ಇರಲಿ. ಹೆಸರು, ಮಡಿಕೆ, ಅಲಸಂದಿ, ಹುರುಳಿ, ಕಡಲೆ ಇವು ಸಸ್ಯಾಹಾರಿಗಳಿಗೆ ಪ್ರೋಟೀನಿನ ಆಧಾರ. ಮೆಂತ್ಯ, ಪುಂಡಿ, ರಾಜಗಿರಿ, ಸಬ್ಬಸಿಗೆ, ನುಗ್ಗೆ ಇವೆಲ್ಲವೂ ನಮ್ಮ ಸಂತೆಯಲ್ಲಿಯೇ ಸಿಗುವ ಸಂಪತ್ತು.

3. ಉಣ್ಣುವ ಕ್ರಮವನ್ನು ಬದಲಿಸಿ. ಮೊದಲು ಸವತೆಕಾಯಿ, ಗಜ್ಜರಿ, ಮೂಲಂಗಿ, ಹಕ್ಕರಕಿಯಂತಹ ಹಸಿ ಪದಾರ್ಥ. ಬಳಿಕ ಕಾಳು ಪಲ್ಯ. ಕೊನೆಗೆ ರೊಟ್ಟಿ ಅಥವಾ ಅನ್ನ. ಈ ಕ್ರಮದಿಂದ ಊಟದ ನಂತರ ಸಕ್ಕರೆ ಏರುವ ವೇಗ ತಗ್ಗುತ್ತದೆ.

4. ಚಹಾದ ಸಕ್ಕರೆಯನ್ನು ಲೆಕ್ಕ ಹಾಕಿ. ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಕಪ್ ಕುಡಿದರೆ ಅದರಿಂದಲೇ 30ರಿಂದ 40 ಗ್ರಾಂ ಸಕ್ಕರೆ ಸೇರುತ್ತದೆ. ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಬೆಲ್ಲವೂ ಇದಕ್ಕೆ ಹೊರತಲ್ಲ.

5. ಪಿಷ್ಟ ತಗ್ಗಿಸಿದ ಜಾಗಕ್ಕೆ ಕರಿದ ತಿಂಡಿ ಬಾರದಿರಲಿ. ಶೇಂಗಾ, ಅಗಸಿ, ಗುರೆಳ್ಳು ಹಿಂಡಿಗಳು ಹಿತವಾದವು, ಆದರೆ ಒಂದೆರಡು ಚಮಚ ಸಾಕು.

ಒಂದು ದಿನದ ಮಾದರಿ

ಬೆಳಗ್ಗೆ ಉಪ್ಪಿಟ್ಟು, ಅವಲಕ್ಕಿ, ಸೂಸಲಗಳ ಬದಲು ಇಡಿ ಹೆಸರುಕಾಳನ್ನು ನೆನೆಸಿ ರುಬ್ಬಿದ ಎರಡು ದೋಸೆ, ಅಥವಾ ಮೊಳಕೆ ಕಾಳಿನ ಉಸಲಿ. ಉಪ್ಪಿಟ್ಟೇ ಬೇಕೆನಿಸಿದ ದಿನ ರವೆಯಷ್ಟೇ ತರಕಾರಿ ಬೆರೆಸಿ. ಮಧ್ಯಾಹ್ನ ಹಸಿ ತರಕಾರಿ, ಎರಡು ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪಿನ ಪಲ್ಯ, ಮಜ್ಜಿಗೆ. ಸಂಜೆ ಒಂದು ಮುಷ್ಟಿ ಹುರಿಗಡಲೆ ಅಥವಾ ಒಂದು ಪೇರಲಹಣ್ಣು. ರಾತ್ರಿ ಎಂಟರೊಳಗೆ ಒಂದು ರೊಟ್ಟಿ, ಝುಣಕ ಅಥವಾ ಗಟ್ಟಿ ಬೇಳೆ, ಬದನೆ, ಹೀರೆ, ಬೆಂಡೆಗಳಲ್ಲಿ ಒಂದರ ಪಲ್ಯ ಮತ್ತು ಮೊಸರು. ಉಂಡ ಬಳಿಕ ಇಬ್ಬರೂ ಕೂಡಿ ಹದಿನೈದು ನಿಮಿಷ ನಡೆಯಿರಿ.

ಉಪವಾಸದ ದಿನಗಳಲ್ಲಿ ಸಾಬಕ್ಕಿಯ ಖಿಚಡಿ ತಿನ್ನುವ ರೂಢಿ ಬೆಳೆದಿದೆ. ಸಾಬಕ್ಕಿಯು ಮರಗೆಣಸಿನಿಂದ ತೆಗೆದ ಶುದ್ಧ ಪಿಷ್ಟವೆಂಬುದನ್ನು ನೆನಪಿಡಬೇಕು. ಹಬ್ಬದ ಹೋಳಿಗೆಯನ್ನು ತ್ಯಜಿಸಬೇಕಾಗಿಲ್ಲ. ಒಂದನ್ನು ಇಬ್ಬರೂ ಹಂಚಿಕೊಂಡು ಆ ಹೊತ್ತಿನ ಅನ್ನವನ್ನು ಬಿಡಬಹುದು. ದಾಸೋಹದಲ್ಲಿ ಪ್ರಸಾದ ಸ್ವೀಕರಿಸುವಾಗ ಬಡಿಸುವವರಿಗೆ ಮೊದಲೇ "ಸ್ವಲ್ಪ ಸಾಕು" ಎಂದು ವಿನಯದಿಂದ ತಿಳಿಸಿದರೆ ಆರೋಗ್ಯವೂ ಉಳಿಯುತ್ತದೆ, ಅನ್ನವೂ ಹಾಳಾಗುವುದಿಲ್ಲ.

ಕೊನೆಗೆ ಉಣ್ಣುವ ತಾಯಿಯ ಆರೋಗ್ಯ

ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಗೃಹಿಣಿ. ಅಷ್ಟು ಹೊತ್ತಿಗೆ ಪಲ್ಯ ಮುಗಿದಿರುತ್ತದೆ. ಅನ್ನ, ಸಾರು ಉಳಿದಿರುತ್ತವೆ. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರದಿಂದ ಆಕೆ ಹಸಿವಿಲ್ಲದಿದ್ದರೂ ಅದನ್ನು ಉಣ್ಣುತ್ತಾಳೆ. ಪತಿಯ ಪಾಲಿನಿಂದ ತೆಗೆದ ಅನ್ನವು ಪತ್ನಿಯ ತಟ್ಟೆ ಸೇರಿದರೆ ಮನೆಯಲ್ಲಿ ಪಥ್ಯ ನಡೆದಂತಾಗಲಿಲ್ಲ. ಉಳಿಯದಷ್ಟೇ ಮಾಡುವುದು ಅನ್ನಕ್ಕೆ ಸಲ್ಲಿಸುವ ನಿಜವಾದ ಗೌರವ. ಪಲ್ಯವನ್ನು ಮೊದಲೇ ಸಮನಾಗಿ ಪಾಲು ಮಾಡಿಟ್ಟು, ಇಬ್ಬರೂ ಜೊತೆಯಲ್ಲಿ ಕುಳಿತು ಉಣ್ಣುವ ಪದ್ಧತಿ ಬರಲಿ.

ಕಾಳು, ಸೊಪ್ಪಿನ ಅಡುಗೆಗೆ ಶ್ರಮ ಹೆಚ್ಚು ಎಂಬುದೂ ನಿಜ. ರಾತ್ರಿ ಕಾಳು ನೆನೆಹಾಕುವುದು, ಸೊಪ್ಪು ಸೋಸುವುದು, ಸಂತೆಯಿಂದ ತರಕಾರಿ ತರುವುದು ಇವು ಪತಿಯ ಕೆಲಸವಾಗಲಿ. ಪಥ್ಯದ ಫಲವನ್ನು ಇಬ್ಬರೂ ಉಣ್ಣುವುದಾದರೆ ಅದರ ಶ್ರಮವೂ ಇಬ್ಬರದಾಗಬೇಕು.

ಪತಿಯ ರಕ್ತಪರೀಕ್ಷೆಗೆ ಹೋದ ದಿನವೇ ಪತ್ನಿಯೂ ಪರೀಕ್ಷೆ ಮಾಡಿಸಿಕೊಳ್ಳಲಿ. ಬರಿಹೊಟ್ಟೆಯ ಸಕ್ಕರೆ 100ರಿಂದ 125 ಮಿಲಿಗ್ರಾಂ ಇದ್ದರೆ ಅದು ಮಧುಮೇಹದ ಹೊಸ್ತಿಲು. 126 ಅಥವಾ ಅದಕ್ಕಿಂತ ಹೆಚ್ಚೆಂದು ಮರುಪರೀಕ್ಷೆಯಲ್ಲಿಯೂ ಕಂಡರೆ ಮಧುಮೇಹ. ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಮತ್ತು ಅದರ ಮೇಲಿನ ಅಂಕಿ ಮಧುಮೇಹದ ಸೂಚನೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರದಿರುವುದು ಕ್ಷೇಮ.

ಎಚ್ಚರಿಕೆಯ ಮಾತು

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಪಿಷ್ಟವನ್ನು ಒಮ್ಮೆಲೇ ತಗ್ಗಿಸಕೂಡದು. ಔಷಧಿಯ ಪ್ರಮಾಣ ಹಾಗೆಯೇ ಉಳಿದು ಊಟ ಇಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಡುಕ, ಬೆವರು, ಎದೆಬಡಿತ, ಮಂಕು ಕವಿಯುವುದು ಇದರ ಲಕ್ಷಣಗಳು. ಎಚ್ಚರವಿದ್ದು ನುಂಗಲು ಶಕ್ತರಾಗಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮೂತ್ರಪಿಂಡದ ತೊಂದರೆಯುಳ್ಳವರು ಕಾಳುಗಳನ್ನು ಹೆಚ್ಚಿಸುವ ಮೊದಲು ವೈದ್ಯರ ಸಲಹೆ ಪಡೆಯಬೇಕು. ಗರ್ಭಿಣಿಯರು, ಬಾಣಂತಿಯರು ಮತ್ತು ಬೆಳೆಯುವ ಮಕ್ಕಳು ಈ ಪಥ್ಯವನ್ನು ತಾವಾಗಿಯೇ ಅನುಸರಿಸಬಾರದು.

ಮೂರು ತಿಂಗಳು ಈ ಕ್ರಮವನ್ನು ನಡೆಸಿ, ಇಬ್ಬರೂ ಮತ್ತೆ ಪರೀಕ್ಷೆ ಮಾಡಿಸಿ, ಫಲವನ್ನು ಹೋಲಿಸಿ ನೋಡಿ. ಒಮ್ಮೆ ತಪ್ಪಿದರೆ ಮರುಹೊತ್ತಿನ ಊಟದಿಂದಲೇ ಸರಿಪಡಿಸಿಕೊಳ್ಳಬಹುದು. ದಂಪತಿಗಳಲ್ಲಿ ಒಬ್ಬರು ಮರೆತಾಗ ಇನ್ನೊಬ್ಬರು ನೆನಪಿಸಲಿ, ಒಬ್ಬರು ಬೇಸತ್ತಾಗ ಇನ್ನೊಬ್ಬರು ಧೈರ್ಯ ಹೇಳಲಿ. ಇಳಿವಯಸ್ಸಿನಲ್ಲಿ ಇಬ್ಬರ ಕಣ್ಣು, ಕಾಲು, ಮೂತ್ರಪಿಂಡಗಳು ನೆಟ್ಟಗಿರಬೇಕಾದರೆ ಅದರ ಸಿದ್ಧತೆ ಇಂದಿನ ಅಡುಗೆಯಿಂದಲೇ ಆರಂಭವಾಗಲಿ.