ಎಣ್ಣೆ ಕುಡಿದ ನೀಲಿ ಹರಳು

ಪ್ರಶ್ನೆ: ಅಮ್ಮ ತೀರಿಕೊಂಡು ವರ್ಷವಾಯಿತು. ಅವರ ಬೆಳ್ಳಿ ಭರಣಿಯಲ್ಲಿ ಹತ್ತಿ ಸುತ್ತಿದ ನೀಲಿ ಹರಳೊಂದು ಸಿಕ್ಕಿತು. ದಾರ ಪೋಣಿಸುವ ತೂತಿದೆ, ತೂಕ 14 ಗ್ರಾಂ. ಅಪ್ಪ ಪಿರಿಯಾಪಟ್ಟಣದ ಕಡೆ ಮೇಷ್ಟರಾಗಿದ್ದಾಗ ಬೈಲಕುಪ್ಪೆಯ ಟಿಬೆಟನ್ ಅಜ್ಜಿಯೊಬ್ಬರು ಕೊಟ್ಟದ್ದಂತೆ. ಅಮ್ಮ ಶುಕ್ರವಾರ ಪೂಜೆ ಹೊತ್ತಿಗೆ ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಈಗ ಹಸಿರಿಗೆ ತಿರುಗಿದೆ. ಹರಳಿನ ಅಂಗಡಿಯವರು, "ಬಣ್ಣ ಹೋಗಿದೆ, ನಕಲಿ. ಎರಡು ಸಾವಿರಕ್ಕೆ ನಾನೇ ಇಟ್ಟುಕೊಳ್ಳುತ್ತೇನೆ" ಎಂದರು. ಅಣ್ಣ ಲಕ್ಷ ಬಾಳುತ್ತದೆ ಅನ್ನುತ್ತಾನೆ. ಏನು ಮಾಡಲಿ?
– ಓದುಗರು, ಅತ್ತಿಗುಪ್ಪೆ

ಉತ್ತರ: ಕೊಡಬೇಡಿ. ಕೊಳ್ಳಲು ನಿಂತವರ ಬಾಯಲ್ಲಿ ಬೆಲೆ ಕಟ್ಟಿಸಬಾರದು. ನಕಲಿ ಎಂದವರಿಗೆ ಅದು ಬೇಕಾದದ್ದು ಏಕೆ ಎಂದು ನೀವೇ ಯೋಚಿಸಿ.

ನೀವು ಹೇಳುವುದನ್ನು ನೋಡಿದರೆ ಅದು ಫಿರೋಜಾ ಇರಬಹುದು. ಟಿಬೆಟನ್ನರು 'ಯು' ಎನ್ನುವ ಹರಳು. 1960ರ ದಶಕದ ಮೊದಲಲ್ಲಿ ಬೈಲಕುಪ್ಪೆಗೆ ಬಂದು, ಕಾಡು ಕಡಿದು ಹೊಲ ಮಾಡಿಕೊಂಡ ಆ ಜನ ಇದನ್ನು ಕೊರಳಿಗೂ ತಲೆಗೂ ಧರಿಸುವವರು. ಹಾಗೆಂದು ಆ ಕತೆಯೊಂದೇ ಸಾಕ್ಷಿಯಾಗದು; ಟಿಬೆಟನ್ ಆಭರಣವೆಂದು ಬಣ್ಣ ಹಾಕಿದ ಕಲ್ಲನ್ನು ಮಾರುವವರೂ ಇದ್ದಾರೆ.

ಹಸಿರಾದದ್ದು ನಕಲಿ ಎನ್ನಲು ಆಧಾರವಲ್ಲ. ಫಿರೋಜಾ ತಾಮ್ರ ಮತ್ತು ಅಲ್ಯೂಮಿನಿಯಂ ಇರುವ ಫಾಸ್ಫೇಟ್ ಖನಿಜ. ಸಂಸ್ಕರಿಸದ ಹರಳಿನಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ಎಣ್ಣೆ, ಬೆವರು, ಅತ್ತರು ಎಲ್ಲವನ್ನೂ ಅದು ಕುಡಿಯುತ್ತದೆ, ನಿಧಾನಕ್ಕೆ ಹಸಿರಾಗುತ್ತದೆ. ರಾಳ ತುಂಬಿಸಿ ಗಟ್ಟಿ ಮಾಡಿದ ಹರಳು ಅಷ್ಟು ಸುಲಭವಾಗಿ ಕುಡಿಯದು. ನಿಮ್ಮ ತಾಯಿಯವರ ಶುಕ್ರವಾರದ ಎಣ್ಣೆ ಅದರ ಬೆಲೆ ತಗ್ಗಿಸಿರಬಹುದು, ಆದರೆ ಅಸಲಿತನದ ಒಂದು ಸುಳಿವನ್ನೂ ಉಳಿಸಿರಬಹುದು. ಇನ್ನು ಮುಂದೆ ಸವರಬೇಡಿ.

ಮನೆಯಲ್ಲೇ ಒಂದು ಕೆಲಸ ಮಾಡಿ. ಭೂತಗನ್ನಡಿ ಹಿಡಿದು, ಮೊಬೈಲಿನ ಟಾರ್ಚ್ ಹಾಕಿ ತೂತಿನ ಅಂಚನ್ನು ನೋಡಿ. ಹೊರಗೆ ಬಣ್ಣ, ಒಳಗೆ ಸುಣ್ಣದಂತೆ ಬಿಳುಪು ಇದ್ದರೆ ಹೌಲೈಟ್ ಅಥವಾ ಮ್ಯಾಗ್ನೆಸೈಟ್ ಕಲ್ಲಿಗೆ ಬಣ್ಣ ಹಾಕಿರುವ ಸಂಶಯ. ಒಳಗೂ ಬಣ್ಣ ಇದ್ದರೆ ಒಳ್ಳೆಯ ಲಕ್ಷಣ. ಎಣ್ಣೆ ತಲುಪದ ಕಡೆ ಹಳೆಯ ಬಣ್ಣ ಇನ್ನೂ ಕಾಣಬಹುದು. ಸೂಜಿ ಕಾಯಿಸಿ ಚುಚ್ಚುವುದು, ನೇಲ್ ಪಾಲಿಶ್ ರಿಮೂವರ್‌ನಲ್ಲಿ ಒರೆಸುವುದು ಬೇಡ. ಕಲೆ ಉಳಿದುಬಿಡುತ್ತದೆ.

ಆಮೇಲೆ ಹರಳನ್ನು ಮಾರದ, ಪರೀಕ್ಷೆಯನ್ನಷ್ಟೇ ಮಾಡುವ ಪ್ರಯೋಗಾಲಯಕ್ಕೆ ಕೊಡಿ. ಜೈಪುರದ ಐಐಜಿಜೆ-ರಿಸರ್ಚ್ ಆ್ಯಂಡ್ ಲ್ಯಾಬೊರೇಟರೀಸ್ ಸೆಂಟರ್ (ಹಿಂದಿನ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ) ಅಂಥದ್ದು. ಶುಲ್ಕ ಮೊದಲೇ ಕೇಳಿಕೊಳ್ಳಿ. ಬೆಳಕಿನ ವಕ್ರೀಭವನಾಂಕ ಸುಮಾರು 1.61, ಸಾಂದ್ರತೆ 2.76ರ ಆಸುಪಾಸು ಬಂದರೆ ಫಿರೋಜಾ ಕಡೆಗೆ ಕೈ ತೋರಿಸುತ್ತದೆ. ರಾಳ ತುಂಬಿದೆಯೇ ಎಂಬುದನ್ನು ಅತಿಗೆಂಪು ಕಿರಣದ ಪರೀಕ್ಷೆ ಹೇಳುತ್ತದೆ. ಆದರೆ ಪ್ರಯೋಗಾಲಯ ಕೊಡುವ ಚೀಟಿಯಲ್ಲಿ ಬೆಲೆ ಇರುವುದಿಲ್ಲ. ಅದು ಕೈಗೆ ಬಂದ ಮೇಲೆ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಮುಂದಿನ ನಿಲ್ದಾಣ ಚಿಕ್ಕಪೇಟೆಯಲ್ಲಿ ಇಳಿಯಿರಿ. ಅಲ್ಲಿಂದ ನಗರ್ತಪೇಟೆ ಹತ್ತಿರ. ಎರಡು-ಮೂರು ಅಂಗಡಿಗಳಲ್ಲಿ, ಮಾರುವ ಮಾತೆತ್ತದೆ, ಇದನ್ನು ವಿಮೆಗೆ ಎಷ್ಟಕ್ಕೆ ಹಾಕಿಸಬಹುದು ಎಂದು ಕೇಳಿ.

ನಿಮ್ಮಣ್ಣನಿಗೂ ಒಂದು ಮಾತು. ಫಿರೋಜಾ ನವರತ್ನದ ಸಾಲಿನದ್ದಲ್ಲ. ಮಾಣಿಕ್ಯ, ಪಚ್ಚೆಗಳ ಹಾಗೆ ಇದರ ದರ ಏರುವುದಿಲ್ಲ. ಇರಾನಿನ ನಿಶಾಪುರದ ಕಲೆಯಿಲ್ಲದ ಆಕಾಶ ನೀಲಿಗೆ, 2012ರಲ್ಲಿ ಮುಚ್ಚಿದ ಅಮೆರಿಕದ ಸ್ಲೀಪಿಂಗ್ ಬ್ಯೂಟಿ ಗಣಿಯ ಹರಳಿಗೆ ಗಿರಾಕಿಗಳಿದ್ದಾರೆ, ನಿಜ. ನಿಮ್ಮದು 70 ಕ್ಯಾರೆಟ್ ಇದ್ದರೂ ಹಸಿರಿಗೆ ತಿರುಗಿದೆ. ಲಕ್ಷದ ಲೆಕ್ಕ ಹಿಡಿದು ಮನಸ್ತಾಪ ಮಾಡಿಕೊಳ್ಳುವ ಹೊತ್ತು ಇದಲ್ಲ.

ಹಳೆಯ ಟಿಬೆಟನ್ ವಸ್ತುಗಳನ್ನು ಕೂಡಿಡುವವರು ಹರಳಿನ ಜೊತೆಗೆ ಅದು ಬಂದ ದಾರಿಯನ್ನೂ ಕೇಳುತ್ತಾರೆ. ಮೇಷ್ಟರು ಯಾವ ಶಾಲೆಯಲ್ಲಿದ್ದರು, ಯಾವ ವರ್ಷ, ಆ ಅಜ್ಜಿಯ ಹೆಸರೇನು, ಏನು ನೆನೆದು ಕೊಟ್ಟರು – ಬಲ್ಲವರು ಇನ್ನೂ ಇದ್ದರೆ ಈ ವಾರವೇ ಕೂತು ಬರೆದುಕೊಳ್ಳಿ. ಆ ಕಾಗದವನ್ನು ಒಣ ಬಟ್ಟೆಯಲ್ಲಿ ಸುತ್ತಿದ ಹರಳಿನ ಜೊತೆಗೇ ಭರಣಿಯಲ್ಲಿಡಿ.