ಈದಿಗೆ ಒಡವೆ ಕೊಳ್ಳುವ ಮುನ್ನ ಚೀಟಿ ಓದೋಣ

ಹೋದ ವರ್ಷ ರಂಜಾನಿನಲ್ಲಿ ಚಿನ್ನದಂಗಡಿಯಲ್ಲಿ ನಾನೊಂದು ತಪ್ಪು ಮಾಡಿದೆ. ಆ ತಪ್ಪಿನ ಲೆಕ್ಕವೇ ಈ ಲೇಖನ. ನಮ್ಮ ಅಕೌಂಟೆನ್ಸಿ ಉಪನ್ಯಾಸಕರ ಕಣ್ಣಿಗೆ ಇದು ಬೀಳದಿರಲಿ ಎಂದು ಆಸೆ, ಆದರೆ ಈ ಪತ್ರಿಕೆ ಸ್ಟಾಫ್ ರೂಮಿಗೂ ಹೋಗುತ್ತದೆ, ಏನು ಮಾಡುವುದು.

ನಮ್ಮ ಭಾಯಿಜಾನ್ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ವರ್ಷವಿಡೀ ಕೂಡಿಟ್ಟ ₹40,000 ಕಳಿಸಿ, ಈದಿಗೆ ಅಮ್ಮಿಯ ಲಚ್ಛಾಕ್ಕೆ ಒಂದು ಒಳ್ಳೆಯ ಚಿನ್ನದ ಲಾಕೆಟ್ ಕೊಡಿಸು ಎಂದರು. ಲಚ್ಛಾ ಎಂದರೆ ನಮ್ಮ ಮನೆಗಳಲ್ಲಿ ಮದುವೆಯಾದ ಹೆಂಗಸರು ಹಾಕುವ ಕರಿಮಣಿ ಸರ. ಅಬ್ಬಾಗೆ ಆ ವಾರ ಕೆಲಸ ಬಿಟ್ಟು ಬರಲಾಗಲಿಲ್ಲ. "ಕಾಮರ್ಸ್ ಓದುವವನು ನೀನೇ ತಾನೆ, ಹೋಗಿ ಬಾ" ಅಂದರು. ನಮ್ಮಲ್ಲಿ ಗಂಡಸರು ಚಿನ್ನ ಧರಿಸುವಂತಿಲ್ಲ. ಅದರಿಂದಲೋ ಏನೋ ಚಿನ್ನದ ವಿಷಯ ನಮಗೆ ಗೊತ್ತಿರುವುದೂ ಅಷ್ಟಕ್ಕಷ್ಟೆ. ಆದರೂ ದುಡ್ಡು ಹಿಡಿದು ಅಂಗಡಿಗೆ ಹೋಗುವವರು ಮಾತ್ರ ನಾವೇ.

ಹಸಿರು ಕಲ್ಲುಗಳಿದ್ದ ಲಾಕೆಟ್ ಒಂದನ್ನು ಆರಿಸಿದೆ. ತಕ್ಕಡಿಯಲ್ಲಿ 4.2 ಗ್ರಾಂ ಬಂತು. ಅಂಗಡಿಯವರು ಕ್ಯಾಲ್ಕುಲೇಟರ್ ಒತ್ತಿ ಮೊತ್ತ ಹೇಳಿದರು, ಕೈಯಲ್ಲಿದ್ದ ಹಣಕ್ಕೆ ಸರಿಹೊಂದಿತು. ಕೊನೆಗೆ ಒಂದು ಮಾತು ಕೇಳಿದರು: "ಪಕ್ಕಾ ಬಿಲ್ ಹೋನಾ ಕ್ಯಾ ಬೇಟಾ? ತೀನ್ ಪರ್ಸೆಂಟ್ ಜ್ಯಾದಾ ಲಗ್ತಾ." ಬಿಲ್ ಬೇಕೆಂದರೆ ಮೂರು ಪರ್ಸೆಂಟ್ ಹೆಚ್ಚು ಎಂದಾಗ ನಾನು ಬೇಡ ಎಂದೆ. ಸಾವಿರಕ್ಕೂ ಹೆಚ್ಚು ಉಳಿಸಿದೆ ಎಂದು ಹಿಗ್ಗುತ್ತಾ, ಪೆನ್ನಿನಲ್ಲಿ ಬರೆದ ಎಸ್ಟಿಮೇಟ್ ಚೀಟಿ ಹಿಡಿದುಕೊಂಡು ಮನೆಗೆ ಬಂದೆ. ಈದಿನ ದಿನ ಅಮ್ಮಿ ಆ ಲಾಕೆಟ್ಟನ್ನು ಎಷ್ಟು ಸಲ ಕನ್ನಡಿಯಲ್ಲಿ ನೋಡಿಕೊಂಡರೋ ನಾನು ಎಣಿಸಲಿಲ್ಲ.

ಜೂನ್‌ನಲ್ಲಿ ನನ್ನ ದ್ವಿತೀಯ ಪಿಯು ಶುಲ್ಕ ಕಟ್ಟಬೇಕಾಗಿ ಬಂತು. ಅದೇ ತಿಂಗಳು ದಾದಿಗೆ ಕಣ್ಣಿನ ಪೊರೆಯ ಆಪರೇಷನ್. ಒಡವೆ ಅಡವಿಟ್ಟರೆ ಬಡ್ಡಿ ಕಟ್ಟಬೇಕು, ಬಡ್ಡಿಯ ಮಾತು ನಮ್ಮ ಮನೆಯೊಳಗೆ ಬರುವುದಿಲ್ಲ. ಅಮ್ಮಿ ತಾವಾಗಿಯೇ ಲಾಕೆಟ್ ಬಿಚ್ಚಿ ಅಬ್ಬಾ ಕೈಗೆ ಕೊಟ್ಟರು. ಕೊಂಡ ಅಂಗಡಿಯವರು "ಬಿಲ್ ತನ್ನಿ" ಎಂದರು. ಇನ್ನೊಂದು ಅಂಗಡಿಗೆ ಹೋದೆವು. ಅವರು ಯಂತ್ರದಲ್ಲಿಟ್ಟು ನೋಡಿ, ಕಲ್ಲು ಬಿಡಿಸಿ, ಹಿಂದೆ ತುಂಬಿದ್ದ ಅರಗು ತೆಗೆದು ಮತ್ತೆ ತೂಗಿದರು. ಚಿನ್ನ ಇದ್ದದ್ದು 3.1 ಗ್ರಾಂ. ಅದೂ 22 ಕ್ಯಾರೆಟ್ ಅಲ್ಲ, 18. ಅಷ್ಟರಲ್ಲಿ ಚಿನ್ನದ ದರ ಏರಿದ್ದರೂ ಕೈಗೆ ಬಂದದ್ದು ₹22,000. ಅಮ್ಮಿ ಏನೂ ಅನ್ನಲಿಲ್ಲ. "ಶುಲ್ಕಕ್ಕೆ ಸಾಕಾಯಿತಲ್ಲ" ಅಂದರು ಅಷ್ಟೆ. ಈ ಕಾಲೇಜಿನಲ್ಲಿ ನಾನು ಕೂರುವ ಬೆಂಚು ಆ ಲಾಕೆಟ್ಟಿನದು.

ಅಂದಿನಿಂದ ಒಡವೆಯ ಲೆಕ್ಕವನ್ನು ಪಾಠದ ಹಾಗೆ ಓದಿದ್ದೇನೆ. ಈ ಈದಿಗೆ ನಿಮ್ಮ ಅಮ್ಮಿಗೋ, ಆಪಾಗೋ, ಖಾಲಾಗೋ ಏನಾದರೂ ಕೊಡಿಸುವ ಯೋಚನೆ ಇದ್ದರೆ ನನ್ನ ನೋಟ್ಸ್ ತೆಗೆದುಕೊಳ್ಳಿ.

ಮೊದಲು ಮಾರ್ಕ್. ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಮಾಡುವ ಕೆಲಸ 2021ರ ಜೂನ್‌ನಲ್ಲಿ 256 ಜಿಲ್ಲೆಗಳಲ್ಲಿ ಶುರುವಾಯಿತು, ಆಮೇಲೆ ಜಿಲ್ಲೆಗಳು ಹೆಚ್ಚಾಗುತ್ತಾ ಬಂದಿವೆ. ಈಗ ಒಡವೆಯ ಮೇಲೆ ಮೂರು ಗುರುತು ಇರಬೇಕು: ಬಿಐಎಸ್‌ನ ತ್ರಿಕೋನ ಚಿಹ್ನೆ, ಶುದ್ಧತೆ, ಮತ್ತು ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕೆಗಳ ಸಂಕೇತ. 2023ರ ಏಪ್ರಿಲ್ 1ರಿಂದ ಅಂಗಡಿಗಳು ಹಾಲ್‌ಮಾರ್ಕ್ ಒಡವೆಯನ್ನು ಈ ಆರಂಕಿ ಸಂಕೇತವಿಲ್ಲದೆ ಮಾರುವಂತಿಲ್ಲ. ಶುದ್ಧತೆಯ ಜಾಗದಲ್ಲಿ 22ಕೆ916 ಎಂದಿದ್ದರೆ ನೂರರಲ್ಲಿ 91.6 ಪಾಲು ಚಿನ್ನ, 18ಕೆ750 ಎಂದರೆ 75 ಪಾಲು, 14ಕೆ585 ಎಂದರೆ 58.5 ಪಾಲು. 18 ಕ್ಯಾರೆಟ್ ಕೆಟ್ಟದ್ದೇನಲ್ಲ, ಕಲ್ಲು ಕೂರಿಸಲು ಅದೇ ಗಟ್ಟಿ. 22ರ ದರ ಕೊಟ್ಟು 18 ತರುವುದು ಕೆಟ್ಟದ್ದು.

ಗುರುತುಗಳು ಸಾಸಿವೆಯಷ್ಟು ಸಣ್ಣದಾಗಿರುತ್ತವೆ. ಅಂಗಡಿಯಲ್ಲಿ ಭೂತಗನ್ನಡಿ ಇರುತ್ತದೆ, ನಾಚಿಕೆಪಡದೆ ಕೇಳಿ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಆರು ಅಕ್ಷರ-ಅಂಕೆ ಹಾಕಿದರೆ ಅದು ಲಾಕೆಟ್ಟೋ ಉಂಗುರವೋ, ಎಷ್ಟು ಕ್ಯಾರೆಟ್, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು ಎಂದೆಲ್ಲ ತೋರಿಸುತ್ತದೆ. ನಿಮ್ಮ ಕೈಯಲ್ಲಿ ಉಂಗುರವಿದ್ದು ಆ್ಯಪ್ "ಬಳೆ" ಎಂದರೆ ಎದ್ದು ಬನ್ನಿ. 2 ಗ್ರಾಂಗಿಂತ ಹಗುರವಾದ ಒಡವೆಗೆ, ಕುಂದನ್ ಮತ್ತು ಜಡಾವು ಕೆಲಸಕ್ಕೆ ಹಾಲ್‌ಮಾರ್ಕ್‌ನಿಂದ ವಿನಾಯಿತಿ ಇದೆ. ಆದ್ದರಿಂದ ಮೂಗುಬೊಟ್ಟಿನಂಥ ಸಣ್ಣ ಒಡವೆಗೆ ಬಿಲ್ಲೇ ಆಧಾರ.

ಇನ್ನು ಬಿಲ್. ಇಲ್ಲಿ ನಿಧಾನವಾಗಿ ಹೋಗೋಣ, ನಾನು ಬಿದ್ದದ್ದು ಇಲ್ಲೇ. ತೂಕ ಎರಡು ಬಗೆ: ಕಲ್ಲು, ಅರಗು ಎಲ್ಲ ಸೇರಿದ ಒಟ್ಟು ತೂಕ, ಚಿನ್ನ ಮಾತ್ರದ ನಿವ್ವಳ ತೂಕ. ಚಿನ್ನದ ದರ ನಿವ್ವಳ ತೂಕಕ್ಕೆ ಮಾತ್ರ ಹಾಕಬೇಕು. ಕಲ್ಲಿಗೆ ಬೇರೆ ಬೆಲೆ, ಬೇರೆ ಸಾಲು.

ಲೆಕ್ಕಕ್ಕೆ ಸುಲಭವಾಗಲೆಂದು 22 ಕ್ಯಾರೆಟ್ ದರ ಗ್ರಾಂಗೆ ₹10,000 ಎಂದಿಟ್ಟುಕೊಳ್ಳಿ. ಒಂದು ಲಾಕೆಟ್ ಒಟ್ಟು 5.1 ಗ್ರಾಂ, ನಿವ್ವಳ 4 ಗ್ರಾಂ. ಚಿನ್ನ ₹40,000. ಮಜೂರಿ ಶೇಕಡಾ 12 ಎಂದರೆ ₹4,800. ಕಲ್ಲು ₹1,500. ಕೂಡಿದರೆ ₹46,300. ಇದರ ಮೇಲೆ ಶೇಕಡಾ 3 ಜಿಎಸ್‌ಟಿ ₹1,389. ಹಾಲ್‌ಮಾರ್ಕ್ ಶುಲ್ಕ ಒಂದು ಒಡವೆಗೆ ₹45, ಅದಕ್ಕೆ ಶೇಕಡಾ 18 ತೆರಿಗೆ ಸೇರಿ ₹53.10. ಎಲ್ಲಾ ಸೇರಿ ₹47,742.10. ಈಗ ಅದೇ ಲಾಕೆಟ್ಟಿಗೆ ಒಟ್ಟು ತೂಕದ ಮೇಲೆ ದರ ಹಾಕಿ: 5.1 ಗ್ರಾಂಗೆ ₹51,000, ಮಜೂರಿ ₹6,120, ಒಟ್ಟು ₹57,120. ಜಿಎಸ್‌ಟಿ ಇಲ್ಲದೆಯೇ ₹9,000ಕ್ಕಿಂತ ಹೆಚ್ಚು ಜಾಸ್ತಿ. ನಾನು ಉಳಿಸಿದ ಮೂರು ಪರ್ಸೆಂಟ್ ಎಲ್ಲಿಗೆ ಹೋಯಿತೆಂದು ನೋಡಿ.

ಕೆಲವು ಅಂಗಡಿಗಳಲ್ಲಿ ಮಜೂರಿ ಎನ್ನದೆ ವೇಸ್ಟೇಜ್ ಎನ್ನುತ್ತಾರೆ, ಕೆಲವರು ಎರಡನ್ನೂ ಹಾಕುತ್ತಾರೆ. "ಮಜೂರಿ, ವೇಸ್ಟೇಜ್ ಎರಡೂ ಸೇರಿ ಶೇಕಡಾ ಎಷ್ಟು?" ಎಂದು ಒಂದೇ ಸಲ ಕೇಳಿಬಿಡುವುದು ಲೇಸು. ಇದರಲ್ಲಿ ಚೌಕಾಸಿಗೆ ಜಾಗವಿದೆ, ಚಿನ್ನದ ದರದಲ್ಲಿ ಇಲ್ಲ.

ನಾವು ಪ್ರಥಮ ಪಿಯುನಲ್ಲಿ ಓದಿದ್ದು ನೆನಪಿದೆಯೇ? ಯಂತ್ರ ಕೊಂಡರೆ ಅದನ್ನು ತಂದು ಅಳವಡಿಸಿದ ಖರ್ಚನ್ನೂ ಯಂತ್ರದ ಖಾತೆಗೇ ಸೇರಿಸುತ್ತೇವೆ. ಒಡವೆಗೆ ಈ ನಿಯಮ ಹಚ್ಚಿದರೆ ಮನೆ ಕೆಡುತ್ತದೆ. ಮೇಲಿನ ₹47,742.10ರಲ್ಲಿ ನಾಳೆಯೇ ಮಾರಿದರೂ ಹೆಚ್ಚೆಂದರೆ ₹40,000 ವಾಪಸು ಬರಬಹುದು. ಮಜೂರಿ, ತೆರಿಗೆ, ಬಹುಪಾಲು ಕಲ್ಲು ಕೂಡ ಅಂಗಡಿಯ ಮೆಟ್ಟಿಲಲ್ಲೇ ಖರ್ಚು. ಚಂದಕ್ಕೆ ಕೊಟ್ಟ ಹಣ ಅದು, ಕೊಡಬಾರದು ಎಂದಲ್ಲ. ನಮ್ಮಂಥ ಮನೆಗಳಲ್ಲಿ ಅಮ್ಮಿಯ ಒಡವೆ ಒಂದು ದಿನ ಆಸ್ಪತ್ರೆಗೋ ಶುಲ್ಕಕ್ಕೋ ಹೋಗುತ್ತದೆ ಎಂದು ಗೊತ್ತಿದ್ದರೆ, ಕಲ್ಲು ಕಡಿಮೆ ಇರುವ, ಸಾದಾ ಕೆಲಸದ್ದನ್ನು ಆರಿಸುವುದೇ ನನ್ನ ಸಲಹೆ. ನನ್ನ ಆಪಾ ಇದನ್ನು ಒಪ್ಪುವುದಿಲ್ಲ. "ಹಾಗಾದರೆ ಗಟ್ಟಿಯನ್ನೇ ದಾರಕ್ಕೆ ಕಟ್ಟಿಕೊಳ್ಳಲೇ?" ಎಂದು ಕೇಳುತ್ತಾರೆ. ಅವರ ಮಾತಿನಲ್ಲೂ ನ್ಯಾಯವಿದೆ.

ಬಿಲ್ಲಿನಲ್ಲಿ ಒಡವೆಯ ವಿವರ, ನಿವ್ವಳ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಇರಬೇಕು. ಹಾಲ್‌ಮಾರ್ಕ್ ಒಡವೆಯಲ್ಲಿ ಹೇಳಿದ್ದಕ್ಕಿಂತ ಶುದ್ಧತೆ ಕಡಿಮೆ ಎಂದು ಪರೀಕ್ಷೆಯಲ್ಲಿ ಕಂಡುಬಂದರೆ, ಕಡಿಮೆಯಾದ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚನ್ನು ಮಾರಿದವರು ಕೊಡಬೇಕು ಎಂದು 2018ರ ಬಿಐಎಸ್ ನಿಯಮಗಳಲ್ಲಿದೆ. ದೂರು ಕೊಡಲು ಅದೇ ಆ್ಯಪ್ ಸಾಕು. ಆದರೆ ಕೈಯಲ್ಲಿ ಎಸ್ಟಿಮೇಟ್ ಚೀಟಿ ಇಟ್ಟುಕೊಂಡು ನಾನು ಯಾರ ಮೇಲೆ ದೂರಲಿ? ಅದರಲ್ಲಿ ಅಂಗಡಿಯ ಹೆಸರೂ ಇರಲಿಲ್ಲ.

ಬಿಲ್ಲನ್ನು ಯಾರ ಹೆಸರಿನಲ್ಲಿ ಮಾಡಿಸಬೇಕು ಎಂಬುದನ್ನೂ ಯೋಚಿಸಿ. ಉಡುಗೊರೆ ಕೊಟ್ಟ ಮೇಲೆ ಅದು ಅವರ ಸ್ವತ್ತು. ಇಡುವುದು, ಮಾರುವುದು, ಮಗಳಿಗೆ ಕೊಡುವುದು ಅವರ ಇಷ್ಟ. ಹಾಗಿದ್ದ ಮೇಲೆ ಬಿಲ್ಲಿನಲ್ಲಿ ಅಮ್ಮಿಯ ಹೆಸರೇ ಇರಲಿ, ನಮ್ಮದೇಕೆ?

ಅವರ ಸ್ವತ್ತು ಎಂದ ಮೇಲೆ ಝಕಾತ್ ಕೂಡ ಅವರದೇ. ಇಲ್ಲಿ ನಮ್ಮ ಕ್ಲಾಸಿನಲ್ಲೇ ಎರಡು ಲೆಕ್ಕ ಇದೆ. ನಮ್ಮಂಥ ಹನಫಿ ಮನೆಗಳಲ್ಲಿ ಹೆಂಗಸರು ಧರಿಸುವ ಚಿನ್ನ ಬೆಳ್ಳಿಯನ್ನೂ ಝಕಾತ್‌ಗೆ ಎಣಿಸುತ್ತಾರೆ. ಕರಾವಳಿಯಿಂದ ಬಂದು ಹಾಸ್ಟೆಲಿನಲ್ಲಿರುವ ಬ್ಯಾರಿ, ನವಾಯತ್ ಗೆಳೆಯರು ಶಾಫಿಈಗಳು. ಅವರಲ್ಲಿ ಧರಿಸಲೆಂದೇ ಇರುವ ಮಿತವಾದ ಒಡವೆಗೆ ಝಕಾತ್ ಇಲ್ಲ ಎಂಬ ಅಭಿಪ್ರಾಯವೇ ಪ್ರಬಲ. ಈ ವಿಷಯಕ್ಕೆ ಕ್ಯಾಂಟೀನಿನಲ್ಲಿ ಒಂದು ಪೂರ್ತಿ ಬಿಡುವು ಕಳೆದದ್ದುಂಟು. ನಿಸಾಬ್ ಚಿನ್ನಕ್ಕೆ ಏಳೂವರೆ ತೊಲ, ಅಂದರೆ 87.48 ಗ್ರಾಂ. ಬೆಳ್ಳಿಗೆ ಐವತ್ತೆರಡೂವರೆ ತೊಲ, 612.36 ಗ್ರಾಂ. ಕೊಡಬೇಕಾದದ್ದು ಶೇಕಡಾ ಎರಡೂವರೆ. ಚಿನ್ನ, ಬೆಳ್ಳಿ, ನಗದು ಎಲ್ಲ ಸ್ವಲ್ಪ ಸ್ವಲ್ಪ ಇದ್ದರೆ ಹೇಗೆ ಕೂಡಿಸಬೇಕು ಎಂಬುದನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿ, ಅದು ಹದಿನೇಳರ ಹುಡುಗ ಹೇಳುವ ಮಾತಲ್ಲ. ತೊಲದ ಬಗ್ಗೆ ಮಾತ್ರ ಎಚ್ಚರಿಕೆ ಹೇಳಬಲ್ಲೆ: ದಾದಿಯ ತೊಲ 11.66 ಗ್ರಾಂ, ಈಗಿನ ಎಷ್ಟೋ ಅಂಗಡಿಗಳ ತೊಲ 10 ಗ್ರಾಂ. ಅಂಗಡಿಯಲ್ಲಿ ಗ್ರಾಂನಲ್ಲೇ ಮಾತಾಡಿ.

ಹಳೆಯ ಒಡವೆ ಕೊಟ್ಟು ಹೊಸದನ್ನು ತರುವವರಿಗೆ ಇನ್ನೊಂದು ಮಾತು. ಚಿನ್ನಕ್ಕೆ ಚಿನ್ನ ಬದಲಿಸುವಾಗ ತೂಕ ಸಮವಾಗಿರಬೇಕು, ಹೆಚ್ಚು ಕಡಿಮೆಯಾದರೆ ಅದೂ ಬಡ್ಡಿಯ ಸಾಲಿಗೆ ಸೇರುತ್ತದೆ ಎಂದು ಆಲಿಮರು ಹೇಳುತ್ತಾರೆ. ಆದ್ದರಿಂದ ಹಳೆಯದನ್ನು ಮಾರಿ ಹಣ ಕೈಗೆ ಪಡೆದು, ಆಮೇಲೆ ಹೊಸದನ್ನು ಕೊಳ್ಳುವುದು ದಾರಿ. ಲೆಕ್ಕದ ದೃಷ್ಟಿಯಿಂದಲೂ ಇದೇ ಒಳ್ಳೆಯದು. ಹಳೆಯದಕ್ಕೆ ಎಷ್ಟು ಬಂತು, ಹೊಸದಕ್ಕೆ ಎಷ್ಟು ಹೋಯಿತು ಎಂಬುದು ಆಗ ಮಾತ್ರ ಬೇರೆ ಬೇರೆಯಾಗಿ ಕಾಣುತ್ತದೆ.

ಇಷ್ಟೆಲ್ಲ ಬರೆದ ನಾನು ಈ ಈದಿಗೆ ಚಿನ್ನ ಕೊಳ್ಳುತ್ತಿಲ್ಲ. ಮಾಮೂ ಅವರ ಬಟ್ಟೆ ಅಂಗಡಿಯಲ್ಲಿ ತರಾವೀಹ್ ಮುಗಿದ ಮೇಲೆ ನಿಂತು ದುಡಿದದ್ದು ₹6,500. ಆಪಾಗೆ 925 ಮುದ್ರೆಯ ಬೆಳ್ಳಿ ಪಾಯಲ್ ನೋಡಿಟ್ಟಿದ್ದೇನೆ, ಗೆಜ್ಜೆ ಕಡಿಮೆ ಇರುವುದು, ಕಾಲೇಜಿಗೂ ಹಾಕಿಕೊಳ್ಳಬಹುದು. ದಾದಿಯ ಕಿವಿಯ ತೂತು ಹಳೆಯ ಝುಮ್ಕಾದ ಭಾರಕ್ಕೆ ಜೋತುಬಿದ್ದಿದೆ, ಅವರಿಗೆ ಹಗುರವಾದ ಬೆಳ್ಳಿ ಬಾಲಿ. ಕೊಕ್ಕೆ ತಿರುಚುವಂಥದ್ದಲ್ಲ, ಒತ್ತಿದರೆ ಕೂರುವಂಥದ್ದು. ಆಪರೇಷನ್ ಆಗಿದ್ದರೂ ಸಣ್ಣ ತಿರುಪು ಅವರಿಗೆ ಈಗಲೂ ಕಾಣುವುದಿಲ್ಲ.

ಅಮ್ಮಿಗೆ ಚಾಂದ್ ರಾತಿನಂದು ಗಾಜಿನ ಬಳೆ. ಅದಕ್ಕೂ ಒಂದು ಲೆಕ್ಕವಿದೆ, ನನಗೆ ಈ ವರ್ಷವಷ್ಟೇ ಗೊತ್ತಾಯಿತು. ಬಳೆಯ ಅಳತೆ 2-4, 2-6, 2-8 ಎಂದಿರುತ್ತದಲ್ಲ, ಅದು ದಶಮಾಂಶ ಅಲ್ಲ. ಎರಡನೆಯ ಅಂಕೆ ಅಂಗುಲದ ಹದಿನಾರನೆಯ ಪಾಲು, ಹಳೆಯ ಆಣೆ ಲೆಕ್ಕದ ಹಾಗೆ. 2-4 ಎಂದರೆ ಎರಡೂಕಾಲು ಅಂಗುಲ, 2-8 ಎಂದರೆ ಎರಡೂವರೆ. 2-10 ಎಂಬುದು 2-8ಕ್ಕಿಂತ ದೊಡ್ಡದು. ಇದನ್ನು 2.1 ಎಂದು ಓದಿದ ಕಾಮರ್ಸ್ ವಿದ್ಯಾರ್ಥಿಯೊಬ್ಬನನ್ನು ಬಳೆ ಅಂಗಡಿಯ ಖಾಲಾ ನಕ್ಕು ಕಳಿಸಿದ್ದಾರೆ. ಯಾರೆಂದು ಕೇಳಬೇಡಿ. ಅಮ್ಮಿಯದು 2-6. ಹಳೆಯ ಬಳೆಯೊಂದನ್ನು ಕದ್ದು ಸ್ಕೇಲ್ ಮೇಲಿಟ್ಟು ಒಳಗಿನ ಅಡ್ಡಳತೆ ನೋಡಿದ್ದೇನೆ. ಅಮ್ಮಿ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ, ಕೈತುಂಬ ತೊಟ್ಟರೆ ಮಷೀನಿಗೆ ಬಡಿದು ಒಡೆಯುತ್ತವೆ. ಆದ್ದರಿಂದ ಕೈಗೆ ಆರೇ ಬಳೆ, ಕಡು ಹಸಿರು.

ಲಚ್ಛಾದ ನಡುವೆ ಲಾಕೆಟ್ ಇದ್ದ ಜಾಗದಲ್ಲಿ ಈಗ ಎರಡು ಕರಿಮಣಿ ಹೆಚ್ಚಾಗಿ ಪೋಣಿಸಿಕೊಂಡಿದ್ದಾರೆ. ವೀಡಿಯೊ ಕಾಲ್ ಬಂದಾಗ ದುಪಟ್ಟಾ ಸ್ವಲ್ಪ ಮೇಲೆ ಎಳೆದುಕೊಳ್ಳುತ್ತಾರೆ, ಏಕೆಂದರೆ ಅದನ್ನು ಮಾರಿದ ವಿಷಯ ಭಾಯಿಜಾನ್‌ಗೆ ಇನ್ನೂ ಗೊತ್ತಿಲ್ಲ. ಅವರು ಬಕ್ರೀದಿಗೆ ಬರುತ್ತಾರಂತೆ. ಎಸ್ಟಿಮೇಟ್ ಚೀಟಿ ನನ್ನ ಅಕೌಂಟೆನ್ಸಿ ಪುಸ್ತಕದೊಳಗೆ ಹಾಗೆಯೇ ಇದೆ. ಅದನ್ನು ತೋರಿಸಿ ನಾನೇ ಹೇಳಬೇಕು.